ದುಡಿದವರ ರೊಕ್ಕ ದಾನ ಅಲ್ಲ

(ಕರ್ಜಗಿಯಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ನಮ್ಮ ಸಂಸ್ಥೆಯ ಪರವಾಗಿ ಆಡಿದ ಮಾತುಗಳ ಬರಹರೂಪ)



 ಮನಿ ಕೆಲಸ, ಹೊಲದ ಕೆಲಸ ಬದಿಗಿಟ್ಟು ಇಲ್ಲಿ ಸೇರಿದ್ದೀರಿ. ಕರ್ಜಗಿಯವರಷ್ಟೇ ಅಲ್ಲ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯವರೂ ಇದ್ದೀರಿ. ಇವತ್ತು ಸಾಲದ ಮಾತಿಲ್ಲ, ಕಂತಿನ ಮಾತೂ ಇಲ್ಲ. ಕೆಲಸದಿಂದ ಇಳಿದ ಮೇಲೆ ಬರಬೇಕಾದ ರೊಕ್ಕದ ಬಗ್ಗೆ ಮಾತಾಡೋಣ. ಅಂದರೆ ಪಿಂಚಣಿ, ಗ್ರಾಚ್ಯುಟಿ, ಪಿ.ಎಫ್.

"ನಮಗ್ಯಾಕ್ರೀ ಇದು? ನಾವೇನು ಸರ್ಕಾರಿ ನೌಕರಿಯವರೇನು?" ಅಂತ ಕೆಲವರಿಗೆ ಅನ್ನಿಸಬಹುದು. ನಿಮ್ಮ ನಿಮ್ಮ ಸಂಘದ ಹಾಜರಿ ಪುಸ್ತಕ ತೆಗೆದು ನೋಡ್ರಿ. ಒಬ್ಬಾಕೆ ಅಂಗನವಾಡಿ ಸಹಾಯಕಿ. ಇನ್ನೊಬ್ಬಾಕೆ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಒಬ್ಬಾಕೆಯ ಗಂಡ ಮಿಲ್ಲಿನಲ್ಲಿ ದುಡಿಯುತ್ತಾನೆ, ಮತ್ತೊಬ್ಬಾಕೆಯ ಗಂಡ ಸಾರಿಗೆ ಸಂಸ್ಥೆಯಲ್ಲಿದ್ದು ತೀರಿಕೊಂಡಿದ್ದಾನೆ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲಿಕ್ಕೆ ಹೋಗುವವರಂತೂ ಎಷ್ಟೋ ಮಂದಿ. ಇವರೆಲ್ಲರಿಗೂ ಒಂದು ದಿನ ಕೈಕಾಲು ಸೋಲುತ್ತವೆ. ಆವತ್ತು ಯಾರು ಏನು ಕೊಡಬೇಕು ಅನ್ನೋದು ಇವತ್ತೇ ಗೊತ್ತಿರಬೇಕು.

ಸಂಘದ ಉಳಿತಾಯದ ಲೆಕ್ಕ

ನಮ್ಮ ಸಂಘದ ಒಬ್ಬ ಸದಸ್ಯೆ ಹತ್ತು ವರ್ಷ ವಾರವಾರ ಉಳಿತಾಯ ಕಟ್ಟಿದಳು. ಮಗನ ಊರಿಗೆ ಹೋಗಬೇಕಾಗಿ ಸಂಘ ಬಿಡುತ್ತಾಳೆ. ನಾವು ಪಾಸ್‌ಬುಕ್ ನೋಡಿ, ಬಡ್ಡಿ ಸೇರಿಸಿ, ಅವಳ ರೊಕ್ಕ ಅವಳಿಗೆ ಎಣಿಸಿ ಕೊಡುತ್ತೇವೆ. ಅದು ಸಂಘದವರು ಮಾಡಿದ ದಾನವೇ? ಉಪಕಾರವೇ? ಅಲ್ಲ. ಅವಳದೇ ರೊಕ್ಕ. ಇಷ್ಟು ದಿನ ನಮ್ಮ ಹತ್ತಿರ ಇತ್ತು, ಅಷ್ಟೇ.

ಪಿಂಚಣಿ, ಗ್ರಾಚ್ಯುಟಿಯೂ ಹಾಗೇ. ಮನುಷ್ಯ ದುಡಿದ ಬೆಲೆಯಲ್ಲಿ ಒಂದು ಪಾಲು ಅವತ್ತೇ ಕೈಗೆ ಬರುತ್ತದೆ. ಇನ್ನೊಂದು ಪಾಲು ಮುಪ್ಪಿನ ಕಾಲಕ್ಕೆ ಅಂತ ಹಿಂದೆ ನಿಲ್ಲುತ್ತದೆ. ಹಿಂದೆ ನಿಂತ ಪಾಲನ್ನು ಕೇಳುವಾಗ ಕೈ ಮುಗಿದು ಬೇಡುವ ಅಗತ್ಯ ಇಲ್ಲ.

ಈ ಮಾತನ್ನು ದೇಶದ ಸುಪ್ರೀಂ ಕೋರ್ಟೇ ಹೇಳಿದೆ. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿಯ ಲೆಕ್ಕ ಹಾಕುವ ರೀತಿಯನ್ನು ಬದಲಿಸಿ ಹೆಚ್ಚು ಮಾಡಿತು. ಆದರೆ ಆ ವರ್ಷದ ಮಾರ್ಚ್ 31ರಂದು ಮತ್ತು ಆಮೇಲೆ ನಿವೃತ್ತರಾದವರಿಗೆ ಮಾತ್ರ ಎಂದಿತು. ಅದಕ್ಕೂ ಮೊದಲು ನಿವೃತ್ತರಾಗಿದ್ದ ನಕಾರಾ ಎಂಬುವರು ಮತ್ತು ಅವರ ಜೊತೆಯವರು ಕೋರ್ಟಿಗೆ ಹೋದರು. 1982ರ ಡಿಸೆಂಬರ್ 17ರಂದು ಐದು ಮಂದಿ ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಪಿಂಚಣಿ ಮಾಲೀಕರ ಮರ್ಜಿಯ ಮೇಲೆ ನಿಂತ ಭಿಕ್ಷೆಯಲ್ಲ, ಅದು ಮಾಡಿದ ಸೇವೆಗೆ ಸಲ್ಲುವ ಹಕ್ಕು. ಬರೀ ಒಂದು ತಾರೀಕಿನ ಗೆರೆ ಎಳೆದು ಒಂದೇ ಥರದ ನಿವೃತ್ತರನ್ನು ಇಬ್ಭಾಗ ಮಾಡುವುದು ಸರಿಯಲ್ಲ ಎನ್ನುವುದು ಅದರ ಸಾರ. ಇವತ್ತಿಗೂ ನಿವೃತ್ತ ನೌಕರರು ಡಿಸೆಂಬರ್ 17ನ್ನು ಪಿಂಚಣಿದಾರರ ದಿನ ಎಂದು ಆಚರಿಸುತ್ತಾರೆ.

ಸರಿ, ಅವರೆಲ್ಲ ಸರ್ಕಾರ ತನ್ನ ನೌಕರರು ಅಂತ ಒಪ್ಪಿಕೊಂಡವರು. ದುಡಿಸಿಕೊಂಡು "ನೀವು ನೌಕರರೇ ಅಲ್ಲ" ಅನ್ನಿಸಿಕೊಂಡವರ ಗತಿ ಏನು?

ಅಂಗನವಾಡಿ ಅಕ್ಕಂದಿರ ವ್ಯಾಜ್ಯ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇವತ್ತು ಅಂಗನವಾಡಿ ಇಲ್ಲದ ಊರಿಲ್ಲ. ಮಕ್ಕಳಿಗೆ ಆಹಾರ, ತೂಕ, ಚುಚ್ಚುಮದ್ದು, ಬಸುರಿ-ಬಾಣಂತಿಯರ ಆರೈಕೆ, ಸರ್ವೆ, ಚುನಾವಣೆ ಕೆಲಸ ಎಲ್ಲವೂ ಆ ಅಕ್ಕಂದಿರ ತಲೆಯ ಮೇಲೆ. ಆದರೆ ಅವರಿಗೆ ಕೊಡುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಕೇಳಲಿಕ್ಕೆ ದೊಡ್ಡ ಮಾತು. ಆದರೆ ಸಂಬಳ ಅಂದರೆ ಅದರ ಹಿಂದೆ ಪಿಂಚಣಿ ಬರುತ್ತದೆ, ರಜೆ ಬರುತ್ತದೆ. ಗೌರವಧನದ ಹಿಂದೆ ಏನೂ ಬರುವುದಿಲ್ಲ. ಒಂದು ಶಬ್ದದಿಂದ ಎಷ್ಟು ವ್ಯತ್ಯಾಸ ನೋಡ್ರಿ.

ನಮ್ಮ ಕರ್ನಾಟಕದ ಕೆಲವು ಅಂಗನವಾಡಿ ಕಾರ್ಯಕರ್ತೆಯರು ತಮ್ಮ ಸೇವೆಯ ವ್ಯಾಜ್ಯವನ್ನು ಸರ್ಕಾರಿ ನೌಕರರ ದೂರು ಕೇಳುವ ಆಡಳಿತ ನ್ಯಾಯಮಂಡಳಿಗೆ ಒಯ್ದರು. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2006ರ ಡಿಸೆಂಬರಿನಲ್ಲಿ ಬಂದ ತೀರ್ಪು ಅವರ ಪರವಾಗಿ ಇರಲಿಲ್ಲ. ಅಂಗನವಾಡಿ ಹುದ್ದೆ ಯೋಜನೆಯ ಹುದ್ದೆಯೇ ಹೊರತು ಸರ್ಕಾರಿ ಹುದ್ದೆ ಅಲ್ಲ, ಆದ್ದರಿಂದ ಆ ನ್ಯಾಯಮಂಡಳಿಯ ಬಾಗಿಲು ಅವರಿಗೆ ಇಲ್ಲ ಎಂದಾಯಿತು.

ಎಲ್ಲರೂ "ಮುಗೀತು ಬಿಡ್ರಿ" ಅಂದುಕೊಂಡರು. ಆ ತೀರ್ಪು ಹದಿನೈದು ವರ್ಷ ದೇಶದ ಎಲ್ಲ ಅಂಗನವಾಡಿಯವರ ಎದುರಿಗೆ ಗೋಡೆಯ ಹಾಗೆ ನಿಂತಿತ್ತು.

ಆದರೆ ಗುಜರಾತಿನ ದಾಹೋದ್ ಜಿಲ್ಲೆಯಲ್ಲಿ ನಿವೃತ್ತರಾದ ಕೆಲವು ಕಾರ್ಯಕರ್ತೆಯರು, ಸಹಾಯಕಿಯರು ಬೇರೆ ಬಾಗಿಲು ತಟ್ಟಿದರು. "ನಮ್ಮನ್ನು ಸರ್ಕಾರಿ ನೌಕರರು ಅನ್ನಿರಿ" ಅಂತ ಅವರು ಕೇಳಲಿಲ್ಲ. "1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ನಮಗೆ ಬರಬೇಕಾದದ್ದು ಕೊಡಿ" ಅಂತ ಕೇಳಿದರು. ಕಾರ್ಮಿಕ ಇಲಾಖೆಯ ಅಧಿಕಾರಿ ಕೊಡಿ ಎಂದರು. ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಸರಿ ಎಂದರು. 2017ರಲ್ಲಿ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಇಲ್ಲ ಎಂದಿತು. ಅಡ್ಡ ಬಂದದ್ದು ನಮ್ಮ ಕರ್ನಾಟಕದ ಆ 2006ರ ತೀರ್ಪೇ. ಹೆಣ್ಣುಮಕ್ಕಳು ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು.

2022ರ ಏಪ್ರಿಲ್ 25ರಂದು ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಎಸ್. ಓಕಾ ಅವರು ತೀರ್ಪು ಕೊಟ್ಟರು. ಓಕಾ ಅವರು ಅದಕ್ಕೂ ಮುಂಚೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಅವರು ಹೇಳಿದ್ದು ಇಷ್ಟು: 2006ರ ಪ್ರಕರಣದಲ್ಲಿ ಗ್ರಾಚ್ಯುಟಿಯ ಪ್ರಶ್ನೆಯೇ ಇರಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿಯವರು ಕಾನೂನೇ ಹೊರಿಸಿದ ಕೆಲಸ ಮಾಡುತ್ತಿದ್ದಾರೆ. ಅವರ ಕೆಲಸವನ್ನು ಅರೆಕಾಲಿಕ ಎನ್ನಲಾಗದು. ಗೌರವಧನ ಅಂತ ಕರೆದರೂ ಅದು ದುಡಿಮೆಗೆ ಕೊಡುವ ವೇತನವೇ. ಆದ್ದರಿಂದ ಗ್ರಾಚ್ಯುಟಿ ಕಾಯ್ದೆ ಅವರಿಗೂ ಅನ್ವಯ. ಬಾಕಿ ಇದ್ದ ದಿನದಿಂದ ವರ್ಷಕ್ಕೆ ಶೇಕಡಾ 10ರಂತೆ ಸರಳ ಬಡ್ಡಿಯನ್ನೂ ಸೇರಿಸಿ ಕೊಡಬೇಕು.

ಅಕ್ಕಂದಿರೇ, ಇಲ್ಲಿ ನಾವು ಕಲಿಯಬೇಕಾದ ಪಾಠ ಒಂದಿದೆ. ಒಂದು ಬಾಗಿಲು ಮುಚ್ಚಿದರೆ ಮನೆಯೇ ಮುಚ್ಚಿತು ಅಂತ ಅಲ್ಲ. ಯಾವ ಕಾನೂನಿನ ಕೆಳಗೆ, ಯಾರನ್ನು, ಏನು ಕೇಳಬೇಕು ಅನ್ನೋದು ಸರಿಯಾಗಿ ತಿಳಿದು ಕೇಳಬೇಕು. "ನಮಗೆ ಅನ್ಯಾಯ ಆಗೇತ್ರಿ" ಅಂತ ಅತ್ತರೆ ಸಾಲದು. "ಈ ಕಾನೂನಿನ ಪ್ರಕಾರ ಇಷ್ಟು ರೂಪಾಯಿ ಬರಬೇಕ್ರಿ" ಅಂತ ಕೇಳಬೇಕು.

ತೀರ್ಪು ಬಂದ ಮರುದಿನವೇ ರೊಕ್ಕ ಕೈಗೆ ಬರಲಿಲ್ಲ. 2023ರ ಜನವರಿಯಲ್ಲಿ ನಮ್ಮ ರಾಜ್ಯದ ಅಂಗನವಾಡಿಯವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ಧರಣಿ ಮಾಡಬೇಕಾಯಿತು. ಆಮೇಲೆ ಸರ್ಕಾರ ಗ್ರಾಚ್ಯುಟಿ ಕೊಡಲು ಮುಂದಾಯಿತು. ಅದಕ್ಕೂ ಹಿಂದೆ ನಿವೃತ್ತರಾದ ಹಿರಿಯರು "ನಾವೂ ಅದೇ ಕೆಲಸ ಮಾಡಿದವರಲ್ಲೇನು?" ಅಂತ ಕೇಳುತ್ತ ಬಂದಿದ್ದಾರೆ. ನಕಾರಾ ಅವರು ಕೇಳಿದ್ದೂ ಇದೇ ಪ್ರಶ್ನೆ, ತಾರೀಕಿನ ಆಚೆ ಇದ್ದವರು ಮನುಷ್ಯರಲ್ಲವೇ ಅಂತ. ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯರೂ ಮುಪ್ಪಿನ ಭದ್ರತೆಗಾಗಿ ದನಿ ಎತ್ತಿದ್ದಾರೆ. ಅಂಗನವಾಡಿ ತೀರ್ಪು ತಾನಾಗಿಯೇ ಅವರಿಗೆ ಅನ್ವಯಿಸುವುದಿಲ್ಲ. ಆದರೆ ದಾರಿ ತೋರಿಸುತ್ತದೆ.

ಗ್ರಾಚ್ಯುಟಿ ಲೆಕ್ಕ ಹಾಕುವುದು ಹೇಗೆ?

ಲೆಕ್ಕ ಕಠಿಣ ಇಲ್ಲ. ಸಂಘದ ಬಡ್ಡಿ ಲೆಕ್ಕ ಮಾಡುವ ನಿಮಗೆ ಇದು ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆ ಮಾಡಿದ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳಿಗಿಂತ ಹೆಚ್ಚಿನ ಅವಧಿ ಉಳಿದರೆ ಅದನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು.

ಉದಾಹರಣೆಗೆ ಒಬ್ಬ ಸಹಾಯಕಿಗೆ ಕೊನೆಯ ತಿಂಗಳು 6,000 ರೂಪಾಯಿ, ಸೇವೆ 25 ವರ್ಷ ಅಂತ ಇಟ್ಟುಕೊಳ್ಳೋಣ. ಅವಳಿಗೆ ಬರಬೇಕಾದದ್ದು ಸುಮಾರು 86,538 ರೂಪಾಯಿ. ಮೂರು ವರ್ಷ ತಡಮಾಡಿದರೆ ಶೇಕಡಾ 10ರ ಲೆಕ್ಕದಲ್ಲಿ ಬಡ್ಡಿಯೇ ಸುಮಾರು 25,960 ರೂಪಾಯಿ ಆಗುತ್ತದೆ. ನಮ್ಮ ಮನೆಗಳಲ್ಲಿ ಇದು ಸಣ್ಣ ಮೊತ್ತವೇ? ಒಂದು ಆಪರೇಷನ್ ಖರ್ಚು, ಇಲ್ಲವೇ ಬಿದ್ದ ಗೋಡೆ ಕಟ್ಟುವ ಖರ್ಚು. ಇದೇ ರೊಕ್ಕ ಬರದಿದ್ದರೆ ಆ ಮುದುಕಿ ಬಡ್ಡಿ ಸಾಲಕ್ಕೆ ಕೈ ಚಾಚಬೇಕು.

ಸಾಮಾನ್ಯವಾಗಿ ಐದು ವರ್ಷ ಬಿಡದೆ ಸೇವೆ ಮಾಡಿರಬೇಕು. ಕೆಲಸದಲ್ಲಿ ಇರುವಾಗಲೇ ತೀರಿಕೊಂಡರೆ ಐದು ವರ್ಷದ ಷರತ್ತು ಇಲ್ಲ, ವಾರಸುದಾರರಿಗೆ ಕೊಡಬೇಕು. 2025ರ ನವೆಂಬರ್ 21ರಿಂದ 1972ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಗಿದೆ, 15 ದಿನದ ಲೆಕ್ಕ ಹಾಗೇ ಇದೆ. "ಹಳೇ ಕಾಯ್ದೆ ಹೋತ್ರಿ, ನಿಮಗೇನೂ ಬರಂಗಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗಂಡನ ಪಿ.ಎಫ್. ಹೆಂಡತಿಗೆ ಗೊತ್ತಿರಲಿ

ಇನ್ನು ಮಿಲ್ಲು, ಕಾರ್ಖಾನೆ, ಸಾರಿಗೆ ಸಂಸ್ಥೆಗಳಲ್ಲಿ ದುಡಿಯುವವರ ವಿಷಯ. ಅವರಿಗೆ 1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಬಂತು. ಮಾಲೀಕರು ತುಂಬುವ ಪಾಲಿನಲ್ಲಿ ವೇತನದ ಶೇಕಡಾ 8.33ರಷ್ಟು ಪಿಂಚಣಿ ನಿಧಿಗೆ ಹೋಗುವಂತೆ ಯೋಜನೆ ಮಾಡಿದರು. ಈ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 2014ರ ಸೆಪ್ಟೆಂಬರ್ 1ರಿಂದ 15,000 ರೂಪಾಯಿ ಆಯಿತು. ಹತ್ತು ವರ್ಷ ಸೇವೆ ಇದ್ದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ. ಲೆಕ್ಕ ಹೀಗೆ: ಪಿಂಚಣಿಗೆ ಹಿಡಿದ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ವೇತನ 15,000, ಸೇವೆ 14 ವರ್ಷ ಆದರೆ 3,000 ರೂಪಾಯಿ. ಇಪ್ಪತ್ತು ವರ್ಷ ಸೇವೆ ಮಾಡಿ 58ಕ್ಕೆ ನಿವೃತ್ತರಾದವರಿಗೆ ಎರಡು ವರ್ಷ ಹೆಚ್ಚಿಗೆ ಸೇರಿಸಬೇಕು ಎಂಬ ನಿಯಮವೂ ಇದೆ. ಆ ಎರಡು ವರ್ಷ ಸೇರಿಸಿದ್ದಾರೋ ಇಲ್ಲವೋ ಅಂತ ನೋಡಿಕೊಳ್ಳಬೇಕು.

ಹೆಣ್ಣುಮಕ್ಕಳು ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಗಂಡ ಕೆಲಸದಲ್ಲಿ ಇರುವಾಗಲೇ ತೀರಿಕೊಂಡರೆ ಹತ್ತು ವರ್ಷದ ಷರತ್ತು ಇಲ್ಲ. ಒಂದು ತಿಂಗಳ ವಂತಿಗೆ ತುಂಬಿದ್ದರೂ ವಿಧವೆಗೆ ತಿಂಗಳ ಪಿಂಚಣಿ ಉಂಟು. ಅದರ ಜೊತೆಗೆ ಇಬ್ಬರು ಮಕ್ಕಳಿಗೆ, 25 ವಯಸ್ಸಿನ ತನಕ, ವಿಧವಾ ಪಿಂಚಣಿಯ ಕಾಲು ಭಾಗದಂತೆ ಬರುತ್ತದೆ. ಪಿಂಚಣಿ ಪಡೆಯುತ್ತಿದ್ದ ಗಂಡ ತೀರಿಕೊಂಡರೆ ಅದರ ಅರ್ಧ ಹೆಂಡತಿಗೆ. 2014ರ ಸೆಪ್ಟೆಂಬರ್ 1ರಿಂದ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು ಗೊತ್ತುಮಾಡಿದರು. ಇದು ಸಾಲದು, 7,500 ಮಾಡಿ ಎಂದು ನಿವೃತ್ತರು ವರ್ಷಗಟ್ಟಲೆ ಹೋರಾಡಿದ್ದಾರೆ. ಆದರೆ ಇರುವ ಸಾವಿರವನ್ನೂ ಕೇಳದೆ ಬಿಟ್ಟವರಿದ್ದಾರೆ. ಗಂಡ ಸತ್ತ ದುಃಖದಲ್ಲಿ, "ಕಂಪನಿಯವರು ಪಿ.ಎಫ್. ರೊಕ್ಕ ಕೊಟ್ರು, ಮುಗೀತು" ಅಂತ ಸುಮ್ಮನಾಗುತ್ತಾರೆ. ಪಿ.ಎಫ್. ರೊಕ್ಕ ಬೇರೆ, ತಿಂಗಳ ಪಿಂಚಣಿ ಬೇರೆ. ಪಿಂಚಣಿಗೆ ಫಾರ್ಮ್ 10-ಡಿ ತುಂಬಬೇಕು.

ಅರ್ಜಿ ಕೊಟ್ಟವರು, ಕೊಡದವರು

ಈ ಯೋಜನೆಯ ಮೇಲೂ ದೊಡ್ಡ ವ್ಯಾಜ್ಯ ನಡೆಯಿತು. ನಿಜವಾದ ಸಂಬಳದ ಮೇಲೆಯೇ ಪಿಂಚಣಿ ಕೊಡಿ ಎಂದು ದೇಶದ ತುಂಬ ನಿವೃತ್ತರು ಕೋರ್ಟಿಗೆ ಹೋದರು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2014ರ ಸೆಪ್ಟೆಂಬರ್ 1ರಂದು ಸೇವೆಯಲ್ಲಿದ್ದವರಿಗೆ ಹೆಚ್ಚಿನ ಪಿಂಚಣಿ ಆಯ್ಕೆ ಮಾಡಲಿಕ್ಕೆ ಇನ್ನೂ ನಾಲ್ಕು ತಿಂಗಳ ಅವಕಾಶ ಸಿಕ್ಕಿತು. ಆದರೆ ಆ ತಾರೀಕಿಗೂ ಮೊದಲು, ಆಯ್ಕೆಯ ಕಾಗದ ಕೊಡದೆಯೇ ನಿವೃತ್ತರಾದವರಿಗೆ ಆ ಲಾಭ ಇಲ್ಲ ಎಂದಾಯಿತು. ಒಂದೇ ಮಿಲ್ಲು, ಒಂದೇ ಪಾಳಿ, ಒಂದೇ ಬೆವರು. ಒಬ್ಬ ಕಾಗದ ಕೊಟ್ಟಿದ್ದ, ಇನ್ನೊಬ್ಬ ಕೊಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ. ಅದು ನ್ಯಾಯವೇ ಅಂತ ನಾವು ಕೇಳಬಹುದು. ಆದರೆ ಕೋರ್ಟು ಕಣ್ಣೀರಿಗಿಂತ ಮೊದಲು ಕಾಗದ ನೋಡುತ್ತದೆ ಅನ್ನೋದನ್ನು ಮರೆಯುವ ಹಾಗಿಲ್ಲ.

ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ಫೈಲು ಅಥವಾ ತಗಡಿನ ಡಬ್ಬಿ ಇರಲಿ. ಅದರಲ್ಲಿ ಇವಿಷ್ಟು ಇಡಿ:

1. ಕೆಲಸಕ್ಕೆ ಸೇರಿದ ಆದೇಶ, ಬಿಡುಗಡೆ ಅಥವಾ ನಿವೃತ್ತಿ ಆದೇಶ.
2. ಸಂಬಳದ ಚೀಟಿ, ಇಲ್ಲವೇ ರೊಕ್ಕ ಜಮಾ ಆದ ಬ್ಯಾಂಕ್ ಪಾಸ್‌ಬುಕ್. ಹಳೇ ಪಾಸ್‌ಬುಕ್ ಒಲೆಗೆ ಹಾಕಬೇಡಿ.
3. ಪಿ.ಎಫ್. ನಂಬರ್, ಯು.ಎ.ಎನ್. ನಂಬರ್ ಬರೆದ ಚೀಟಿ.
4. ನಾಮಿನಿ ಪತ್ರದ ನಕಲು. ಅದರಲ್ಲಿ ಹೆಂಡತಿಯ ಹೆಸರು ಇದೆಯೋ, ಮದುವೆಗೆ ಮೊದಲು ಬರೆದ ಹೆಸರೇ ಉಳಿದಿದೆಯೋ ನೋಡಿ.
5. ಆಧಾರ್, ಬ್ಯಾಂಕ್, ಪಿ.ಎಫ್. ಮೂರರಲ್ಲೂ ಹೆಸರು, ಹುಟ್ಟಿದ ತಾರೀಕು ಒಂದೇ ಇರಲಿ. ಒಂದರಲ್ಲಿ "ಶಾಂತವ್ವ", ಇನ್ನೊಂದರಲ್ಲಿ "ಶಾಂತಾ" ಇದ್ದರೆ ಅಲ್ಲಿಗೇ ಅರ್ಜಿ ನಿಲ್ಲುತ್ತದೆ.
6. ಕೊಟ್ಟ ಪ್ರತಿ ಅರ್ಜಿಯ ನಕಲು, ಅದರ ಮೇಲೆ ಕಚೇರಿಯ ಸಿಕ್ಕಾ ಮತ್ತು ತಾರೀಕು.

ಆರನೆಯದು ಎಲ್ಲಕ್ಕಿಂತ ದೊಡ್ಡದು. "ಅರ್ಜಿ ಇಲ್ಲಿಟ್ಟು ಹೋಗ್ರಿ, ನೋಡೋಣ" ಅಂದರೆ ಹಾಗೇ ಬರಬೇಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿರಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿರಿ.

ಎಲ್ಲಿಗೆ ಹೋಗಬೇಕು?

ಗ್ರಾಚ್ಯುಟಿಗೆ ಮೊದಲು ಮಾಲೀಕರಿಗೆ ಅಥವಾ ಇಲಾಖೆಗೆ ಅರ್ಜಿ. ಬರಬೇಕಾದ ದಿನದಿಂದ 30 ದಿನದೊಳಗೆ ಕೊಡುವುದು ಮಾಲೀಕರ ಹೊಣೆ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿ. ಪಿ.ಎಫ್. ಪಿಂಚಣಿಗೆ ಭವಿಷ್ಯ ನಿಧಿ ಕಚೇರಿ. ನಮಗೆ ಹತ್ತಿರದ್ದು ಹುಬ್ಬಳ್ಳಿಯಲ್ಲಿದೆ. ಅಲ್ಲಿ ಸೇವೆ ಸರಿಯಾಗಿ ಸಿಗದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೂ ಹೋಗಬಹುದು. ಪಿ.ಎಫ್. ಸದಸ್ಯನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 1999ರ ಡಿಸೆಂಬರಿನಲ್ಲೇ ಹೇಳಿದೆ.

"ವಕೀಲರಿಗೆ ಕೊಡಾಕ ರೊಕ್ಕ ಎಲ್ಲಿಂದ ತರೋದ್ರೀ?" ಅನ್ನಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಉಂಟು. ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಬಹುದು. 15100 ನಂಬರಿಗೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ.

ಒಂಟಿ ಹೆಣ್ಣುಮಗಳು ಕಚೇರಿಗೆ ಹೋದರೆ "ನಾಳೆ ಬಾ" ಅನ್ನುತ್ತಾರೆ. ಸಂಘದ ಐದು ಮಂದಿ ಜೊತೆಗೆ ಹೋದರೆ ಕುರ್ಚಿ ಕೊಡುತ್ತಾರೆ. ಇದು ನಿಮಗೆಲ್ಲ ಅನುಭವ ಇದ್ದದ್ದೇ. ಸಂಘ ಇರುವುದು ಬರೀ ಸಾಲ ಹಂಚಲಿಕ್ಕೆ ಅಲ್ಲ.

ಮಾಲೀಕನೇ ಇಲ್ಲದವರಿಗೆ

ತೊಟ್ಟು ಬಿಡಿಸುವವರು, ಕೂಲಿಗೆ ಹೋಗುವವರು ಕೇಳಬಹುದು, "ನಮ್ಮ ಹೆಸರು ಯಾವ ಪುಸ್ತಕದಾಗೂ ಇಲ್ಲಲ್ರೀ?" ನಿಜ. ಆದ್ದರಿಂದ ಯಾರ ಹತ್ತಿರ, ಯಾವ ದಿನ, ಎಷ್ಟು ಕೂಲಿಗೆ ದುಡಿದಿರಿ ಅನ್ನೋದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮಗೆ ಬರೆಯಲು ಬರದಿದ್ದರೆ ಮಗಳ ಕೈಲಿ ಬರೆಸಿ. 18ರಿಂದ 40 ವಯಸ್ಸಿನವರಿಗೆ 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. ಬ್ಯಾಂಕಿನಲ್ಲಿ ಕಂತು ಕಟ್ಟುತ್ತ ಹೋದರೆ 60ಕ್ಕೆ ತಿಂಗಳಿಗೆ 1,000ದಿಂದ 5,000 ರೂಪಾಯಿ ತನಕ ಬರುವ ಏರ್ಪಾಟು ಅದು. ಸಂಧ್ಯಾ ಸುರಕ್ಷಾ, ವಿಧವಾ ವೇತನ ಇವು ಸರ್ಕಾರದ ನೆರವು. ಅವನ್ನೂ ಪಡೆಯಿರಿ. ಆದರೆ ಅವು ನಿಮ್ಮ ದುಡಿಮೆಯ ಪಾಲಿಗೆ ಬದಲು ಅಲ್ಲ.

ಕೊನೆಯ ಮಾತು

ಕ್ರೈಸ್ತ ಸಭೆ 1891ರಲ್ಲಿ ಜಗದ್ಗುರು 13ನೇ ಲಿಯೋ ಅವರ ಪರಿಪತ್ರದ ಕಾಲದಿಂದಲೂ ದುಡಿಯುವವರ ನ್ಯಾಯವಾದ ಕೂಲಿಯ ಬಗ್ಗೆ ಮಾತಾಡುತ್ತ ಬಂದಿದೆ. ಅಂಬಿಗರ ಚೌಡಯ್ಯನವರ ನೆಲದವರಾದ ನಿಮಗೆ ಕಾಯಕದ ಮರ್ಯಾದೆ ಏನೆಂದು ಹೊಸದಾಗಿ ಹೇಳಬೇಕಿಲ್ಲ. ಲೂಕನ ಶುಭಸಂದೇಶದಲ್ಲಿ ಒಬ್ಬ ವಿಧವೆಯ ಕಥೆ ಇದೆ. ದೇವರಿಗೂ ಅಂಜದ, ಜನರಿಗೂ ನಾಚದ ಒಬ್ಬ ನ್ಯಾಯಾಧೀಶನ ಹತ್ತಿರ ಆಕೆ ಮತ್ತೆ ಮತ್ತೆ ಹೋಗಿ ನನ್ನ ನ್ಯಾಯ ತೀರಿಸು ಅಂತ ಕೇಳುತ್ತಾಳೆ. ಕೊನೆಗೆ ಅವನು ಬೇಸತ್ತು ತೀರಿಸುತ್ತಾನೆ. ಆಕೆಯ ಹತ್ತಿರ ರೊಕ್ಕ ಇರಲಿಲ್ಲ, ವಶೀಲಿ ಇರಲಿಲ್ಲ. ಹೋಗುವುದನ್ನು ನಿಲ್ಲಿಸಲಿಲ್ಲ, ಅದೇ ಆಕೆಯ ಬಲ. ದಾಹೋದಿನ ಹೆಣ್ಣುಮಕ್ಕಳೂ ಹಾಗೇ ಹೋದರು. ನಮಗೆ ಆಕೆಗಿಂತ ಒಂದು ಅನುಕೂಲ ಹೆಚ್ಚಿಗೆ ಇದೆ. ನಾವು ಒಬ್ಬೊಬ್ಬರೇ ಹೋಗಬೇಕಾಗಿಲ್ಲ.



ಸಂಘದ ಮುಂದಿನ ಸಭೆಯಲ್ಲಿ ಚರ್ಚಿಸಿ, ಠರಾವು ಬರೆಯಿರಿ

1. ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಪಿ.ಎಫ್., ಗ್ರಾಚ್ಯುಟಿ ಬರಬೇಕಾದವರು ಇದ್ದಾರೆ?
2. ಗಂಡ ತೀರಿಕೊಂಡ ಮೇಲೆ ಪಿಂಚಣಿಗೆ ಅರ್ಜಿ ಹಾಕದೆ ಉಳಿದವರು ನಮ್ಮ ಓಣಿಯಲ್ಲಿ ಯಾರಾದರೂ ಇದ್ದಾರೆಯೇ?
3. ಎಲ್ಲ ಸದಸ್ಯೆಯರ ಆಧಾರ್, ಬ್ಯಾಂಕ್ ಪುಸ್ತಕಗಳಲ್ಲಿ ಹೆಸರು ಒಂದೇ ಇದೆಯೇ?
4. ಕಚೇರಿಗೆ ಹೋಗುವಾಗ ಜೊತೆಗೆ ಬರುವ ಇಬ್ಬರು ಸದಸ್ಯೆಯರನ್ನು ಇವತ್ತೇ ಆರಿಸೋಣವೇ?